ಕೆಂಪು ಸ್ಪ್ರಿಂಗ್ ಹಾಕಿ ತೆಗೆದದ್ದು: ಚೋರ್ಲಾ ಘಾಟಿನಲ್ಲಿ ಓಡುವ ಒಂದು ಚಿಕ್ಕ ಕಾರಿನ ಪ್ರಕರಣ

ಬೆಳಗಾವಿಯ ಉದ್ಯಮಬಾಗದಲ್ಲಿ ನನ್ನದೊಂದು ಸಣ್ಣ ಗ್ಯಾರೇಜು. ಎಂಜಿನ್ ಕೆಲಸ ಮುಟ್ಟುವುದಿಲ್ಲ. ಶಾಕ್‌ಅಬ್ಸಾರ್ಬರ್ (ಸ್ಪ್ರಿಂಗಿನ ಕುಣಿತ ತಡೆಯುವ ಕೊಳವೆ), ಸ್ಪ್ರಿಂಗ್, ಬುಷ್ (ಕೀಲುಗಳಲ್ಲಿ ಕೂರುವ ರಬ್ಬರು), ಸ್ಟೇರಿಂಗ್, ಅಲೈನ್‌ಮೆಂಟ್ (ಚಕ್ರಗಳ ದಿಕ್ಕು ಸರಿಪಡಿಸುವುದು) ಇಷ್ಟೇ. ಇಲ್ಲಿ ಬರೆಯುತ್ತಿರುವ ಪ್ರಕರಣ 2023ರ ಜೂನ್‌ನಲ್ಲಿ ಶುರುವಾಗಿ ಮರುವರ್ಷದ ಮಳೆಗಾಲದವರೆಗೆ ಎಳೆಯಿತು. ಕಾರಿನ ಮಾಲೀಕನ ಒಪ್ಪಿಗೆ ಪಡೆದಿದ್ದೇನೆ. ಅವನ ಹೆಸರು, ಕೆಲಸದ ಜಾಗ, ಕಾರಿನ ಕಂಪನಿ, ಮಾದರಿ ಯಾವುದನ್ನೂ ಹೇಳುವುದಿಲ್ಲ. ಬಿಡಿಭಾಗ ತಯಾರಿಸಿದವರ ಹೆಸರೂ ಬೇಡ. ಅಳತೆಗಳನ್ನು ಮತ್ತು ತಪ್ಪುಗಳನ್ನು ಮಾತ್ರ ಇದ್ದ ಹಾಗೆಯೇ ಇಟ್ಟಿದ್ದೇನೆ. ತಪ್ಪಿನಲ್ಲಿ ಅರ್ಧ ಪಾಲು ನನ್ನದೇ ಆದ್ದರಿಂದ ಬೇರೆಯವರ ಮಾನ ಹೋಗುವ ಭಯವಿಲ್ಲ.

ಹಿನ್ನೆಲೆ

ಮಾಲೀಕ ಇಪ್ಪತ್ತೆಂಟರ ತರುಣ. ನನ್ನ ಮಗನ ವಯಸ್ಸು, ನನ್ನನ್ನು ಕಾಕಾ ಎನ್ನುತ್ತಾನೆ. ಹಾಗಾಗಿ ಏಕವಚನದಲ್ಲಿ ಬರೆದರೆ ಅವನಿಗೆ ಬೇಸರವಿಲ್ಲ. ಕೆಲಸ ಗೋವಾದಲ್ಲಿ, ಮನೆ ಬೆಳಗಾವಿಯಲ್ಲಿ. ಸೋಮವಾರ ನಸುಕಿನಲ್ಲಿ ಪೀರನವಾಡಿ, ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿಯುತ್ತಾನೆ, ಶುಕ್ರವಾರ ರಾತ್ರಿ ಅದೇ ದಾರಿಯಲ್ಲಿ ಹತ್ತಿ ಬರುತ್ತಾನೆ. ಮಲಪ್ರಭೆ ಹುಟ್ಟುವ ಕಣಕುಂಬಿಯ ಸುತ್ತ ಮಳೆ ಎಂಥದ್ದು ಎಂಬುದು ಈ ಕಡೆಯವರಿಗೆ ಗೊತ್ತು. ಬೆಳಗಾವಿಯಲ್ಲಿ ಜಿನುಗುತ್ತಿದ್ದರೆ ಅಲ್ಲಿ ಸುರಿಯುತ್ತಿರುತ್ತದೆ.

ಕಾರು 2015ರದ್ದು. ನಾಲ್ಕು ಮೀಟರಿಗಿಂತ ಕಡಿಮೆ ಉದ್ದದ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಕೆಳಗಿನ ಆವೃತ್ತಿ, ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಇಲ್ಲ. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕ್‌ಅಬ್ಸಾರ್ಬರ್ ಎರಡೂ ಒಂದೇ ಕಂಬದಲ್ಲಿ), ಹಿಂದೆ ಎರಡೂ ಚಕ್ರಗಳನ್ನು ಸೇರಿಸುವ ತಿರುಚು ತೊಲೆ. ನಮ್ಮ ರಸ್ತೆಗಳ ಮೇಲಿರುವ ಚಿಕ್ಕ ಕಾರುಗಳಲ್ಲಿ ಬಹುಪಾಲು ಇದೇ ಜೋಡಣೆಯವು. ಚಕ್ರ 14 ಅಂಗುಲ, ಟೈರ್ 165/80, ಅಂದರೆ ಅಗಲ 165 ಮಿಲಿಮೀಟರ್, ಗೋಡೆಯ ಎತ್ತರ ಅಗಲದ ಶೇಕಡಾ 80. ಒಬ್ಬ ನಿವೃತ್ತ ನೌಕರರಿಂದ ಕೊಂಡದ್ದು, ಓಡಿದ್ದು 46,000 ಕಿಲೋಮೀಟರ್ ಅಷ್ಟೇ. ಒಳಗೆ ಕೂತರೆ ಇನ್ನೂ ಹೊಸ ಗಾಡಿಯ ವಾಸನೆ. ಆ ವಾಸನೆಯೇ ನಮ್ಮಿಬ್ಬರಿಗೂ ಮೋಸ ಮಾಡಿತು ಎಂದು ಈಗ ಅನ್ನಿಸುತ್ತದೆ.

ಜೂನ್‌ನ ಮೊದಲ ಮಳೆಗೆ ಘಾಟಿನ ಒಂದು ತಿರುವಿನಲ್ಲಿ ಸ್ಟೇರಿಂಗ್ ತಿರುಗಿಸಿದರೂ ಕಾರಿನ ಮೂತಿ ತಿರುಗದೆ ನೇರವಾಗಿ ಚರಂಡಿಯ ಕಡೆಗೆ ಜಾರಿತು. ವೇಗ ಮೂವತ್ತೈದರ ಆಸುಪಾಸು. ಅಂಚಿನ ಮಣ್ಣಿನಲ್ಲಿ ಚಕ್ರ ಹೂತು ನಿಂತದ್ದರಿಂದ ಉಳಿದುಕೊಂಡ. ಅದಕ್ಕೂ ಮೊದಲೇ ಅವನಿಗೆ ದೂರುಗಳಿದ್ದವು. ತಿರುವಿನಲ್ಲಿ ಗಾಡಿ ತುಂಬ ವಾಲುತ್ತದೆ, ಎಂಬತ್ತರ ಮೇಲೆ ಹೋದರೆ ತೇಲಿದ ಹಾಗಾಗುತ್ತದೆ, ಒಂದು ತಗ್ಗು ಹಾರಿಸಿದರೆ ಎರಡು ಮೂರು ಸಲ ಕುಣಿಯುತ್ತದೆ. ಇಷ್ಟನ್ನು ಅವನು ನನಗೆ ಹೇಳಿದ್ದ. ಹೇಳಿದ್ದನ್ನು ಸರಿಯಾಗಿ ಕೇಳಿಸಿಕೊಂಡಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ.

ಕೆಂಪು ಸ್ಪ್ರಿಂಗ್

ಜೂನ್ ಕೊನೆಯ ವಾರ ಅವನು ಬಂದದ್ದು ಒಂದು ಪೆಟ್ಟಿಗೆ ಹೊತ್ತುಕೊಂಡು. ಒಳಗೆ ಕೆಂಪು ಬಣ್ಣ ಬಳಿದ ನಾಲ್ಕು ಸ್ಪ್ರಿಂಗ್. ಕಾರನ್ನು 40 ಮಿಲಿಮೀಟರ್ ತಗ್ಗಿಸುತ್ತವೆ, ಗಡಸುತನ ಕಂಪನಿಯ ಸ್ಪ್ರಿಂಗ್‌ಗಿಂತ ಕಾಲು ಭಾಗ ಹೆಚ್ಚು ಎಂದು ಪೆಟ್ಟಿಗೆಯ ಮೇಲೆ ಅಚ್ಚಾಗಿತ್ತು. ಜೊತೆಗೆ 16 ಅಂಗುಲದ ಅಲಾಯ್ ಚಕ್ರ, 205/45 ಟೈರ್, ಎಲ್ಲ ಕೊಂಡಾಗಿತ್ತು. ಸ್ಪ್ರಿಂಗಿಗೆ 14,000, ಚಕ್ರ ಮತ್ತು ಟೈರಿಗೆ 52,000 ರೂಪಾಯಿ.

"ಕಾಕಾ, ಗಾಡಿ ನೆಲಕ್ಕೆ ಅಂಟಿದ ಹಾಗೆ ಓಡಬೇಕು" ಎಂದ.

ನಾನು ಒಂದು ಸಲ ಬೇಡ ಎಂದೆ, ಎರಡನೆಯ ಸಲ ನೋಡೋಣ ಎಂದೆ, ಮೂರನೆಯ ಸಲ ಜಾಕ್ ತರಿಸಿದೆ. ಮಳೆಗಾಲದಲ್ಲಿ ಕೆಲಸ ಕಡಿಮೆ. ಹುಡುಗ ದುಡ್ಡು ಸುರಿದು ಬಂದಿದ್ದಾನೆ, ನಾನು ಮಾಡದಿದ್ದರೆ ಪಕ್ಕದವನು ಮಾಡುತ್ತಾನೆ. ಗ್ಯಾರೇಜು ನಡೆಸುವವರಿಗೆಲ್ಲ ಈ ಲೆಕ್ಕಾಚಾರ ಬಾಯಿಪಾಠ.

ಸ್ಟ್ರಟ್ ಬಿಚ್ಚಿ ಸ್ಪ್ರಿಂಗ್ ಬದಲಿಸುವಾಗ ಶಾಕ್‌ಅಬ್ಸಾರ್ಬರ್ ನನ್ನ ಕೈಯಲ್ಲೇ ಇತ್ತು. ಮೇಲೆ ಎಣ್ಣೆ ಸೋರಿದ ಗುರುತು ಇರಲಿಲ್ಲ. ಒಣಗಿದೆ, ಚೆನ್ನಾಗಿದೆ ಎಂದುಕೊಂಡು ವಾಪಸು ಜೋಡಿಸಿದೆ. ಒತ್ತಿ ನೋಡಲು ಹತ್ತು ಸೆಕೆಂಡು ಬೇಕಿತ್ತು. ಒತ್ತಲಿಲ್ಲ. ಹಳೆಯ ಟೈರುಗಳನ್ನು ಬಿಚ್ಚಿ ಪಕ್ಕಕ್ಕೆ ಉರುಳಿಸುವಾಗಲೂ ಅವುಗಳ ಮೇಲೆ ಏನು ಬರೆದಿದೆ ಎಂದು ಓದಲಿಲ್ಲ. ಅಲೈನ್‌ಮೆಂಟ್ ಮಾಡಿ, ಕೀಲಿಕೈ ಕೊಟ್ಟು ಕಳಿಸಿದೆ. ಒಂದು ಕೆಲಸ ಮಾತ್ರ ಸರಿಯಾಗಿ ಮಾಡಿದೆ. ಗುಜರಿಗೆ ಹಾಕಿ ಎಂದು ಅವನು ಹೇಳಿದ ಮೂಲ ಸ್ಪ್ರಿಂಗ್‌ಗಳಿಗೆ ಮತ್ತು ಹಳೆಯ ಚಕ್ರಗಳಿಗೆ ಕಾರಿನ ನಂಬರಿನ ಚೀಟಿ ಕಟ್ಟಿ ಅಟ್ಟದ ಮೇಲೆ ಇಟ್ಟೆ.

ಮೊದಲ ವಾರ ಹುಡುಗ ಫೋನು ಮಾಡಿ ಹೊಗಳಿದ್ದೇ ಹೊಗಳಿದ್ದು. ವಂಟಮುರಿ ಘಾಟಿನ ಕಡೆ ಹೆದ್ದಾರಿಯಲ್ಲಿ ಓಡಿಸಿ ನೋಡಿದ್ದ. ಲೇನ್ ಬದಲಿಸಿದರೆ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಹೋಗುತ್ತದೆ ಎಂದ. ಅದು ಸುಳ್ಳಲ್ಲ. ನುಣುಪಾದ ಅಗಲ ರಸ್ತೆಯಲ್ಲಿ ತಗ್ಗಿದ, ಗಡಸು ಕಾರು ಚುರುಕಾಗಿಯೇ ಇರುತ್ತದೆ. ಟೈರಿನ ಗೋಡೆ ಗಿಡ್ಡವಾದ್ದರಿಂದ ಸ್ಟೇರಿಂಗ್ ಮಾತು ತಕ್ಷಣ ಕೇಳುತ್ತದೆ. ಆದರೆ ಅವನು ವಾರಕ್ಕೆ ಎರಡು ಸಲ ಓಡಾಡುವ ದಾರಿ ಅದಲ್ಲ.

ತೊಂದರೆಗಳು ಸರದಿ ಹಿಡಿದವು

ಮೊದಲು ರಸ್ತೆ ಉಬ್ಬುಗಳು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಅಳತೆಯಂತೆ ಉಬ್ಬು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು, ಅಂದರೆ ನಿಧಾನವಾಗಿ ಏರಿ ಇಳಿಯುವ ಬೆನ್ನು. ಹಳ್ಳಿಗಳ ಮುಂದೆ ಊರವರೇ ಹಾಕಿಕೊಂಡ ಉಬ್ಬುಗಳಿಗೆ ಆ ಪುಸ್ತಕ ಗೊತ್ತಿಲ್ಲ. ಈ ಕಾರಿಗೆ ಮೂಲದಲ್ಲಿ 170 ಮಿಲಿಮೀಟರ್ ನೆಲದಂತರ ಇತ್ತು. ಸ್ಪ್ರಿಂಗ್ 40 ತಿಂದಿತು. ಒಂದು ತಿಂಗಳಲ್ಲಿ ಸ್ಪ್ರಿಂಗ್ ಕೂತು ಇನ್ನೂ 8 ಹೋಯಿತು. 165/80 ಆರ್14 ಟೈರಿನ ವ್ಯಾಸ ಸುಮಾರು 620 ಮಿಲಿಮೀಟರ್, 205/45 ಆರ್16ರದ್ದು 591. ವ್ಯತ್ಯಾಸದ ಅರ್ಧ, ಅಂದರೆ 14 ಮಿಲಿಮೀಟರ್, ಅಲ್ಲಿ ಹೋಯಿತು. ಉಳಿದದ್ದು 108. ಒಬ್ಬನೇ ಕೂತಾಗಲೂ ಹೊಟ್ಟೆ ಉಜ್ಜುತ್ತಿತ್ತು. ವ್ಯಾಸ ಕುಗ್ಗಿದ್ದರಿಂದ ವೇಗದ ಮುಳ್ಳೂ ಸುಳ್ಳು ಹೇಳತೊಡಗಿತು. ಹಳೆಯ ಟೈರಿನಲ್ಲಿ 76 ಎನ್ನುತ್ತಿದ್ದಲ್ಲಿ ಈಗ 80 ತೋರಿಸುತ್ತಿತ್ತು. ಹುಡುಗನಿಗೆ ಗಾಡಿ ವೇಗವಾಗಿದೆ ಅನ್ನಿಸಿದ್ದರಲ್ಲಿ ಇದರದ್ದೂ ಒಂದು ಪಾಲು.

ಆಗಸ್ಟಿನಲ್ಲಿ ಎಡ ಮುಂಚಕ್ರದ ಟೈರಿನ ಗೋಡೆಯ ಮೇಲೆ ನಿಂಬೆಹಣ್ಣಿನಷ್ಟು ಗುಳ್ಳೆ ಎದ್ದಿತು. ಗಿಡ್ಡ ಗೋಡೆಯ ಟೈರು ನೀರು ತುಂಬಿದ ತಗ್ಗಿಗೆ ಬಿದ್ದರೆ ರಿಮ್ಮಿನ ಅಂಚು ಮತ್ತು ಕಲ್ಲಿನ ನಡುವೆ ಸಿಕ್ಕಿ ಒಳಗಿನ ದಾರಗಳು ತುಂಡಾಗುತ್ತವೆ. ಆಮೇಲೆ ಗಾಳಿಯನ್ನು ಹಿಡಿದಿಡುವುದು ಬರೀ ರಬ್ಬರು. ಅಂಥ ಟೈರಿನಲ್ಲಿ ಘಾಟ್ ಇಳಿಯುವುದು ಆತ್ಮಹತ್ಯೆಗೆ ಸಮ ಎಂದು ಗದರಿಸಿ ಟೈರ್ ಬದಲಿಸಿದೆ. ಅವನು ಅದರ ಮೇಲೇ ಎರಡು ವಾರ ಓಡಾಡಿದ್ದ.

ಅಷ್ಟರಲ್ಲಿ ಮುಂದಿನ ಟೈರುಗಳು ಒಳಮೈಯಲ್ಲಿ ಸವೆದಿದ್ದವು. ಸ್ಪ್ರಿಂಗ್ ಹಾಕಿದ ದಿನವೇ ಅಲೈನ್‌ಮೆಂಟ್ ಮಾಡಿದ್ದೆ, ಸ್ಪ್ರಿಂಗ್ ಕೂತ ಮೇಲೆ ಮತ್ತೊಮ್ಮೆ ಮಾಡಬೇಕಿತ್ತು. ಕಾರು ತಗ್ಗಿದಂತೆ ಸ್ಟೇರಿಂಗನ್ನು ಚಕ್ರಕ್ಕೆ ಸೇರಿಸುವ ಟೈ ರಾಡ್‌ಗಳ ಕೋನ ಬದಲಾಗಿ ಚಕ್ರದ ದಿಕ್ಕು ತಪ್ಪುತ್ತದೆ. ಕರೆದು ಮಾಡುತ್ತೇನೆ ಎಂದುಕೊಂಡವನು ಕರೆಯಲಿಲ್ಲ.

ಇದ್ಯಾವುದೂ ಹುಡುಗನ ಮನಸ್ಸು ತಿರುಗಿಸಲಿಲ್ಲ. ತಿರುಗಿಸಿದ್ದು ಅವನ ತಾಯಿ.

ಗಣೇಶ ಹಬ್ಬಕ್ಕೆ ಮುಂಚೆ ಅವರು ಮಗನ ಜೊತೆ ಗೋವಾಕ್ಕೆ ಹೋಗಿದ್ದರು. ಬರುವಾಗ ಮಗ ಕಾರಿನಲ್ಲಿ ಬಂದ, ತಾಯಿ ಸರ್ಕಾರಿ ಬಸ್ಸು ಹತ್ತಿ ಬಂದರು. ಮರುದಿನ ಇಬ್ಬರೂ ಗ್ಯಾರೇಜಿಗೆ ಬಂದಾಗ ನಾನು ಕುರ್ಚಿ ಕೊಟ್ಟು, "ಏನಾಯಿತು ಅಕ್ಕಾ?" ಎಂದೆ.

"ಅಣ್ಣಾ, ಇವನ ಗಾಡಿಯಲ್ಲಿ ಕೂತರೆ ಬೀಸುವ ಕಲ್ಲಿನ ಮೇಲೆ ಕೂತ ಹಾಗಾಗುತ್ತದೆ. ಬಸ್ಸಿನಲ್ಲಾದರೆ ಒಂದು ನಿದ್ದೆಯಾದರೂ ಬರುತ್ತದೆ."

ಹುಡುಗ ನೆಲ ನೋಡುತ್ತ ನಿಂತಿದ್ದ. ಆಮೇಲೆ ಮೆಲ್ಲಗೆ ಇನ್ನೊಂದು ಮಾತು ಹೇಳಿದ: ತಿರುವಿನ ನಡುವೆ ಸಣ್ಣ ತಗ್ಗು ಸಿಕ್ಕರೆ ಗಾಡಿ ಪಕ್ಕಕ್ಕೆ ಜಿಗಿಯುತ್ತದೆ, ಒಂದು ಗೇಣು ಹೊರಗೆ ಹೋಗಿ ಬೀಳುತ್ತದೆ. ಜೂನ್‌ನಲ್ಲಿ ಜಾರಿದ್ದಕ್ಕಿಂತ ಇದು ಹೆಚ್ಚು ಹೆದರಿಸುತ್ತದೆ.

ಒಂದು ಪ್ಲಾಸ್ಟಿಕ್ ಟೈ

ನಾನೂ ಜೊತೆಗೆ ಬರುತ್ತೇನೆ ಎಂದೆ. ಹೊರಡುವ ಮೊದಲು ಮುಂದಿನ ಸ್ಟ್ರಟ್‌ಗಳ ಧೂಳಿನ ಕವಚ ಮೇಲೆತ್ತಿ, ಹೊಳೆಯುವ ದಂಡಕ್ಕೆ ವೈರು ಕಟ್ಟುವ ಸಣ್ಣ ಪ್ಲಾಸ್ಟಿಕ್ ಟೈ ಬಿಗಿದೆ. ಎರಡು ರೂಪಾಯಿಯ ಸಾಮಾನು. ಶಾಕ್‌ಅಬ್ಸಾರ್ಬರ್ ಒಳಗೆ ಹೋದಷ್ಟು ದೂರ ಟೈಯನ್ನು ಮೇಲಕ್ಕೆ ತಳ್ಳಿ ಅಲ್ಲೇ ಬಿಟ್ಟು ಬರುತ್ತದೆ. ಎಷ್ಟು ಅದುಮಿತ್ತು ಎಂಬುದಕ್ಕೆ ಅದೇ ಸಾಕ್ಷಿ. ಕಾರು ಸುಮ್ಮನೆ ನಿಂತಿರುವಾಗ ಶಾಕ್‌ಅಬ್ಸಾರ್ಬರಿನ ತಲೆಯಿಂದ ಮೇಲಿನ ರಬ್ಬರ್ ಬಂಪ್ ಸ್ಟಾಪ್‌ವರೆಗೆ ಅಳೆದೆ. 14 ಮಿಲಿಮೀಟರ್. ನನ್ನ ಹೆಬ್ಬೆರಳು ಅದರಲ್ಲಿ ಹಿಡಿಸಲಿಲ್ಲ.

ಇಬ್ಬರು ಕೂತಾಗಲೇ ಅದರಲ್ಲಿ ಬಹುಪಾಲು ಮುಗಿದಿರುತ್ತದೆ. ತಿರುವಿನಲ್ಲಿ ಹೊರಬದಿಗೆ ಭಾರ ಬಿದ್ದ ಕೂಡಲೇ ಶಾಕ್‌ಅಬ್ಸಾರ್ಬರ್ ಹೋಗಿ ಬಂಪ್ ಸ್ಟಾಪಿಗೆ ಕೂರುತ್ತದೆ. ಅಲ್ಲಿಂದ ಮುಂದೆ ಆ ಚಕ್ರಕ್ಕೆ ಸ್ಪ್ರಿಂಗ್ ಇದ್ದೂ ಇಲ್ಲ. ಗಟ್ಟಿ ರಬ್ಬರಿನ ಮೇಲೆ ಕಾರು ನಿಂತಿರುತ್ತದೆ. ಆಗ ತಗ್ಗು ಸಿಕ್ಕರೆ ಚಕ್ರ ಮೇಲೇಳಲು ಜಾಗವಿಲ್ಲದೆ ಇಡೀ ಮೂಲೆಯೇ ಎದ್ದು ಟೈರಿನ ಹಿಡಿತ ಒಂದು ಕ್ಷಣ ಹಾರಿಹೋಗುತ್ತದೆ. ಹುಡುಗ ಹೇಳಿದ ಒಂದು ಗೇಣು ಜಿಗಿತ ಅದೇ. ಕಣಕುಂಬಿ ದಾಟಿ ನಾಲ್ಕೈದು ತಿರುವು ಹೋಗಿ ವಾಪಸು ಬಂದೆವು. ಕವಚ ಎತ್ತಿದರೆ ಎರಡೂ ಕಡೆಯ ಟೈಗಳು ಬಂಪ್ ಸ್ಟಾಪಿನೊಳಗೆ ಹುದುಗಿ ಚಪ್ಪಟೆಯಾಗಿದ್ದವು.

ಹುಡುಗ ಟಾರ್ಚು ಹಿಡಿದು ಬಹಳ ಹೊತ್ತು ಅದನ್ನೇ ನೋಡಿದ. ಬಾಯಲ್ಲಿ ಹೇಳಿದ್ದರೆ ಇನ್ನೂ ಒಂದು ತಿಂಗಳು ವಾದ ಮಾಡುತ್ತಿದ್ದ.

ಕಾರು ತಗ್ಗಿದರೆ ವಾಲುವುದು ಕಡಿಮೆಯಾಗಬೇಕಲ್ಲವೇ ಎಂಬುದು ಅವನ ಪ್ರಶ್ನೆ. ಪ್ರಶ್ನೆ ಒಳ್ಳೆಯದೇ. ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ಕಾರಿನಲ್ಲಿ ಚಕ್ರವನ್ನು ಚಾಸಿಗೆ ಸೇರಿಸುವ ಕೆಳತೋಳು, ಅಂದರೆ ಲೋವರ್ ಆರ್ಮ್, ಚಾಸಿಯ ಕಡೆಯಿಂದ ಚಕ್ರದ ಕಡೆಗೆ ಸ್ವಲ್ಪ ಇಳಿಜಾರಾಗಿಯೋ ಮಟ್ಟವಾಗಿಯೋ ಇರುವಂತೆ ಕಂಪನಿ ಇಟ್ಟಿರುತ್ತದೆ. ಕಾರನ್ನು ತಗ್ಗಿಸಿದರೆ ಆ ಇಳಿಜಾರು ತಿರುವುಮುರುವಾಗುತ್ತದೆ. ದೇಹ ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಬಿಂದು, ದೇಹ ತಗ್ಗಿದ್ದಕ್ಕಿಂತ ಹೆಚ್ಚು ಕೆಳಗೆ ಹೋಗುತ್ತದೆ. ಆ ಬಿಂದುವಿಗೂ ದೇಹದ ಭಾರದ ಕೇಂದ್ರಕ್ಕೂ ನಡುವಿನ ಅಂತರ ಹಾರೆಯ ಉದ್ದವಿದ್ದ ಹಾಗೆ, ಹೆಚ್ಚಾದಷ್ಟೂ ವಾಲಿಸುವ ಬಲ ಹೆಚ್ಚು. ಅಂದರೆ ದುಡ್ಡು ಕೊಟ್ಟು ಕೊಂಡ ಗಡಸುತನದಲ್ಲಿ ಒಂದು ಪಾಲು, ತಗ್ಗಿಸಿದ್ದರಿಂದ ಹುಟ್ಟಿದ ವಾಲಾಟವನ್ನು ತಡೆಯಲೇ ಖರ್ಚಾಗುತ್ತದೆ.

ಬಿಚ್ಚಿ ನೋಡಿದಾಗ

ಎಲ್ಲವನ್ನೂ ಬಿಚ್ಚಿದೆವು. ಈ ಸಲ ಶಾಕ್‌ಅಬ್ಸಾರ್ಬರನ್ನು ನೆಲಕ್ಕೆ ನಿಲ್ಲಿಸಿ ಅಂಗೈಯಿಂದ ಒತ್ತಿದೆ. ಬಲಗಡೆಯದು ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ನಾಲ್ಕು ಬೆರಳು ಇಳಿಯಿತು, ಆಮೇಲೆ ತುಸು ತಡೆಯಿತು, ಮೇಲಕ್ಕೆ ಬರಲೇ ಇಲ್ಲ. ಒಳಗಿನ ಅನಿಲ ಯಾವಾಗಲೋ ಹೋಗಿದೆ, ಕವಾಟಗಳು ಸವೆದಿವೆ. ಹೊರಗೆ ಒಂದು ಹನಿ ಎಣ್ಣೆ ಇಲ್ಲ. ಜೂನ್‌ನಲ್ಲಿ ನಾನು ಕೈಯಲ್ಲಿ ಹಿಡಿದು ಚೆನ್ನಾಗಿದೆ ಎಂದದ್ದು ಇದನ್ನೇ. ಗಡಸು ಸ್ಪ್ರಿಂಗಿನ ಕುಣಿತ ನಿಲ್ಲಿಸಲು ಶಾಕ್‌ಅಬ್ಸಾರ್ಬರಿಗೆ ಇನ್ನೂ ಹೆಚ್ಚು ಶಕ್ತಿ ಬೇಕು. ನಾನು ಸತ್ತ ಶಾಕ್‌ಅಬ್ಸಾರ್ಬರಿನ ಹೆಗಲಿಗೆ ಆ ಹೊರೆ ಹೊರಿಸಿದ್ದೆ.

ಲೋವರ್ ಆರ್ಮಿನ ಹಿಂದಿನ ಬುಷ್‌ಗೆ ಟಾಮಿ (ಕಬ್ಬಿಣದ ಸರಳು) ಹಾಕಿ ಎಬ್ಬಿಸಿದರೆ ರಬ್ಬರು ಬಾಯಿ ತೆರೆಯಿತು. ಎಡಗಡೆಯದು ಅರ್ಧಕ್ಕಿಂತ ಹೆಚ್ಚು ಹರಿದಿತ್ತು. ಎಂಟು ವರ್ಷದ ರಬ್ಬರು ಹೇಗೂ ಒಣಗಿರುತ್ತದೆ. ಅದರ ಮೇಲೆ, ಈ ಬುಷ್‌ಗಳು ಕಾರಿನ ಮೂಲ ಎತ್ತರದಲ್ಲಿ ಬಿಗಿದವು. ಕಾರನ್ನು ಐದು ಸೆಂಟಿಮೀಟರ್ ತಗ್ಗಿಸಿದರೆ ನಿಂತಲ್ಲೇ ಹಗಲೂ ರಾತ್ರಿ ತಿರುಚಿಕೊಂಡಿರುತ್ತವೆ. ಬ್ರೇಕ್ ಹಾಕಿದಾಗ ಗಾಡಿ ಎಡಕ್ಕೆ ಎಳೆಯುತ್ತದೆ ಎಂದು ಅವನು ಹೇಳುತ್ತಿದ್ದುದಕ್ಕೆ ಕಾರಣ ಇಲ್ಲಿತ್ತು.

ಆಮೇಲೆ ಅಟ್ಟದಿಂದ ಹಳೆಯ ಟೈರುಗಳನ್ನು ಇಳಿಸಿದೆವು. ಜೂನ್‌ನ ಜಾರುವಿಕೆಯ ಉತ್ತರ ಅಲ್ಲಿ ಮೂರು ತಿಂಗಳಿಂದ ನೇತಾಡುತ್ತಿತ್ತು. ಟೈರಿನ ಗೋಡೆಯ ಮೇಲೆ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ: 2315. ಮೊದಲೆರಡು ವಾರ, ಕೊನೆಯೆರಡು ವರ್ಷ. 2015ರ ಇಪ್ಪತ್ತಮೂರನೆಯ ವಾರ. ಕಾರಿನ ಜೊತೆಗೇ ಬಂದ ಟೈರುಗಳು, ಎಂಟು ವರ್ಷ ಹಳೆಯವು. ತೋಡು ಇನ್ನೂ ಮೂರೂವರೆ ಮಿಲಿಮೀಟರ್ ಉಳಿದಿತ್ತು, ಸವೆತ ಸೂಚಿಸುವ 1.6 ಮಿಲಿಮೀಟರಿನ ಗುರುತು ಇನ್ನೂ ದೂರವಿತ್ತು. ಹಾಗಾಗಿ ಮಾಲೀಕರಿಬ್ಬರೂ ಟೈರ್ ಚೆನ್ನಾಗಿದೆ ಎಂದೇ ನಂಬಿದ್ದರು. ಉಗುರಿನಿಂದ ಒತ್ತಿದರೆ ಗುರುತು ಬೀಳಲಿಲ್ಲ. ಗಡಸುತನ ಅಳೆಯುವ ಮುಳ್ಳು ಶೋರ್ ಎ ಮಾನದಲ್ಲಿ 78 ತೋರಿಸಿತು. ನಮ್ಮಲ್ಲಿದ್ದ ಹೊಸ ಟೈರೊಂದಕ್ಕೆ ಒತ್ತಿದರೆ 64. ಕಲ್ಲಾದ ರಬ್ಬರು ಒದ್ದೆ ಡಾಂಬರಿನ ಸೂಕ್ಷ್ಮ ಉಬ್ಬುತಗ್ಗುಗಳೊಳಗೆ ಇಳಿಯುವುದಿಲ್ಲ, ಮೇಲೆ ತೇಲಿಹೋಗುತ್ತದೆ.

ಸುಮ್ಮನೆ ಕುತೂಹಲಕ್ಕೆ ಪಕ್ಕದ ಗುಜರಿ ಅಂಗಡಿಯ ತಕ್ಕಡಿಯಲ್ಲಿ ಚಕ್ರಗಳನ್ನು ತೂಗಿದೆವು. 14 ಅಂಗುಲದ ಉಕ್ಕಿನ ಚಕ್ರ ಟೈರ್ ಸಮೇತ ಹದಿಮೂರೂವರೆ ಕಿಲೋ. ಅಂದದ 16 ಅಂಗುಲದ್ದು ಹದಿನೆಂಟೂವರೆ. ಅಲಾಯ್ ಎಂದರೆ ಹಗುರ ಎಂದುಕೊಂಡಿದ್ದ ಹುಡುಗ ತಕ್ಕಡಿಯವನ ಮೇಲೆಯೇ ಅನುಮಾನಪಟ್ಟ. ಪ್ರತಿ ತಗ್ಗಿಗೂ ಸ್ಪ್ರಿಂಗಿನ ಕೆಳಗಿನ ಆ ಐದು ಕಿಲೋ ಹೆಚ್ಚುವರಿ ಭಾರವನ್ನು ಸತ್ತ ಶಾಕ್‌ಅಬ್ಸಾರ್ಬರ್ ಹಿಡಿಯಬೇಕಿತ್ತು.

ಏನು ಮಾಡುವುದೆಂಬ ಚರ್ಚೆ

ಮೂರು ದಾರಿಗಳಿದ್ದವು. ಕೆಂಪು ಸ್ಪ್ರಿಂಗ್ ಇಟ್ಟುಕೊಂಡು ಅದಕ್ಕೆ ತಕ್ಕ ದುಬಾರಿ ಶಾಕ್‌ಅಬ್ಸಾರ್ಬರ್ ತರಿಸುವುದು ಒಂದು. ಹುಡುಗನ ಒಲವು ಅದರ ಕಡೆಗಿತ್ತು. ಆದರೆ ಎಷ್ಟೇ ಒಳ್ಳೆಯ ಶಾಕ್‌ಅಬ್ಸಾರ್ಬರ್ ಹಾಕಿದರೂ 14 ಮಿಲಿಮೀಟರ್ ಅಂತರ 50 ಆಗುವುದಿಲ್ಲ. ಎರಡನೆಯದು, ಸ್ಪ್ರಿಂಗ್ ಮೊದಲಿನದು ಹಾಕಿ 16 ಅಂಗುಲದ ಚಕ್ರ ಉಳಿಸಿಕೊಳ್ಳುವುದು. ಗುಳ್ಳೆ ಎದ್ದದ್ದನ್ನು ನೆನಪಿಸಿದೆ. ಮೂರನೆಯದು ಎಲ್ಲವನ್ನೂ ಕಂಪನಿಯಿಂದ ಹೊರಬಂದ ಸ್ಥಿತಿಗೆ ತಂದು, ಅಲ್ಲಿಂದ ಒಂದೇ ಒಂದು ಹೆಜ್ಜೆ ಮೇಲೆ ಹೋಗುವುದು.

ಆ ಒಂದು ಹೆಜ್ಜೆ ಟೈರ್. ಇದೇ ಕಾರಿನ ಮೇಲಿನ ಆವೃತ್ತಿಗೆ ಕಂಪನಿಯೇ 185/65 ಆರ್15 ಕೊಡುತ್ತಿತ್ತು. ವ್ಯಾಸ 621 ಮಿಲಿಮೀಟರ್, ಮೂಲಕ್ಕಿಂತ ಒಂದೆರಡು ಮಿಲಿಮೀಟರ್ ಮಾತ್ರ ಹೆಚ್ಚು. ವೇಗದ ಮುಳ್ಳು ಸರಿಯಾಗುತ್ತದೆ, ನೆಲದಂತರ ಹೋಗುವುದಿಲ್ಲ. ಅಗಲ 20 ಮಿಲಿಮೀಟರ್ ಹೆಚ್ಚು. ಗೋಡೆಯ ಎತ್ತರ 120 ಮಿಲಿಮೀಟರ್. 205/45ರ 92ಕ್ಕೆ ಹೋಲಿಸಿದರೆ ತಗ್ಗು ನುಂಗಲು ಸಾಕಷ್ಟು ರಬ್ಬರು, ಮೂಲದ 132ಕ್ಕೆ ಹೋಲಿಸಿದರೆ ತಿರುವಿನಲ್ಲಿ ಕಡಿಮೆ ಬಾಗುತ್ತದೆ. ಭಾರ ಸೂಚ್ಯಂಕ 88, ಅಂದರೆ ಒಂದು ಟೈರಿಗೆ 560 ಕಿಲೋ.

ಕಾನೂನಿನ ಮಾತೂ ಬಂತು. ಮೋಟಾರು ವಾಹನ ಕಾಯ್ದೆ 1988ರ 52ನೆಯ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದ ಮಾರ್ಪಾಡು ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತವಾಗಿ ಹೇಳಿದೆ. ತಗ್ಗಿಸಿದ ಕಾರಿಗೆ ಅಪಘಾತವಾದರೆ ವಿಮೆಯವರು ಮೊದಲು ಕೈಯಿಡುವುದು ಅಲ್ಲಿಗೇ. ಹುಡುಗ ಅದುವರೆಗೆ ವಿಮೆಯನ್ನು ನೆನೆದೇ ಇರಲಿಲ್ಲ. ನಿಜ ಹೇಳಬೇಕೆಂದರೆ ಸ್ಪ್ರಿಂಗ್ ಹಾಕುವಾಗ ನಾನೂ ನೆನೆಯಲಿಲ್ಲ.

ಒಂದೊಂದಾಗಿ

ಈ ಸಲ ಎಲ್ಲವನ್ನೂ ಒಂದೇ ದಿನ ಹಾಕಿ ಕೈತೊಳೆದುಕೊಳ್ಳಲಿಲ್ಲ. ಯಾವುದರಿಂದ ಏನಾಯಿತು ಎಂದು ತಿಳಿಯಬೇಕಿತ್ತು. ಮೊದಲು ಮೂಲ ಸ್ಪ್ರಿಂಗ್, ಕಂಪನಿಯ ಅಳತೆಯದೇ ಆದ ಅನಿಲ ತುಂಬಿದ ಹೊಸ ಶಾಕ್‌ಅಬ್ಸಾರ್ಬರ್ ನಾಲ್ಕು, ಸ್ಟ್ರಟ್ ಮೇಲಿನ ಮೌಂಟ್ ಮತ್ತು ಬೇರಿಂಗ್, ಬಂಪ್ ಸ್ಟಾಪ್, ಎರಡು ಲೋವರ್ ಆರ್ಮ್, ಸ್ಟೆಬಿಲೈಜರ್ ಲಿಂಕ್ ಮತ್ತು ಬುಷ್. ಚಕ್ರ ಮಾತ್ರ ಹಳೆಯ 14 ಅಂಗುಲದ್ದೇ, ಕಲ್ಲಾದ ಟೈರ್ ಸಮೇತ. ಘಾಟಿಗೆ ಒಯ್ಯಬೇಡ ಎಂದು ಕಟ್ಟಪ್ಪಣೆ.

ಇಲ್ಲಿ ಮೆಕ್ಯಾನಿಕ್ ಗೆಳೆಯರಿಗಾಗಿ ಒಂದು ಮಾತು. ನನ್ನ ಸಹಾಯಕ ಲಿಫ್ಟ್ ಮೇಲೆ ಕಾರು ನೇತಾಡುತ್ತಿರುವಾಗಲೇ ಲೋವರ್ ಆರ್ಮಿನ ಬೋಲ್ಟ್‌ಗಳನ್ನು ಬಿಗಿಯಲು ಹೊರಟಿದ್ದ. ಕೈ ಹಿಡಿದು ನಿಲ್ಲಿಸಿದೆ. ಚಕ್ರ ಜೋತು ಬಿದ್ದಾಗ ಬಿಗಿದರೆ ಬುಷ್ ಆ ಕೋನವನ್ನೇ ತನ್ನ ಮನೆ ಎಂದುಕೊಳ್ಳುತ್ತದೆ. ಕಾರು ನೆಲಕ್ಕಿಳಿದ ಕ್ಷಣದಿಂದ ತಿರುಚಿಕೊಂಡೇ ಬದುಕುತ್ತದೆ, ಬೇಗ ಹರಿಯುತ್ತದೆ. ಬೋಲ್ಟ್ ಸಡಿಲವಾಗಿ ಕೂರಿಸಿ, ಕಾರನ್ನು ಗುಂಡಿಯ ಮೇಲೆ ನಾಲ್ಕೂ ಚಕ್ರದ ಮೇಲೆ ನಿಲ್ಲಿಸಿ, ಮೂಲೆಗಳನ್ನು ಎರಡು ಸಲ ಅದುಮಿ, ಆಮೇಲೆ ಕೆಳಗಿಳಿದು ಟಾರ್ಕ್ ಪಾನಾದಿಂದ ಬಿಗಿದೆವು. ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ, ಬಟ್ಟೆ ಮಣ್ಣಾಗುತ್ತದೆ.

ಊರ ಹೊರಗೆ ಇನ್ನೂ ಮನೆ ಏಳದ ಒಂದು ಬಡಾವಣೆಯ ಖಾಲಿ ರಸ್ತೆಯಲ್ಲಿ ಓಡಿಸಿ ನೋಡಿದೆವು. ತೇಲಾಟ ಹೋಗಿತ್ತು. ಉಬ್ಬು ದಾಟಿದರೆ ಒಂದೇ ಸಲ ಎದ್ದು ಕೂರುತ್ತಿತ್ತು. ಬ್ರೇಕಿಗೆ ನೇರವಾಗಿ ನಿಲ್ಲುತ್ತಿತ್ತು. ಹುಡುಗ ಇಳಿದು ಬಂದವನೇ, "ಕಾಕಾ, ಇದನ್ನೇ ಮೊದಲು ಮಾಡಿದ್ದರೆ?" ಎಂದ. ಉತ್ತರ ಕೊಡದೆ ಚಹಾ ತರಿಸಿದೆ.

ಅದೇ ರಸ್ತೆಗೆ ನೀರಿನ ಟ್ಯಾಂಕರಿನಿಂದ ನೀರು ಬಿಡಿಸಿ 50 ಕಿಲೋಮೀಟರ್ ವೇಗದಿಂದ ಬ್ರೇಕ್ ಹಾಕಿ ಅಳೆದೆವು. ಹಳೆಯ ಟೈರಿನಲ್ಲಿ ಮೂರು ಸಲದ ಸರಾಸರಿ 21 ಮೀಟರ್. ಎರಡು ದಿನ ಬಿಟ್ಟು 185/65 ಆರ್15 ಹಾಕಿ ಮತ್ತೆ ಅಳೆದಾಗ 16 ಮೀಟರ್. ಇದು ಪ್ರಯೋಗಾಲಯದ ಅಳತೆಯಲ್ಲ. ಹಗ್ಗ, ಸುಣ್ಣದ ಗೆರೆ ಮತ್ತು ನನ್ನ ಕಣ್ಣು ಇಷ್ಟೇ ಸಲಕರಣೆ. ಆದರೂ ಐದು ಮೀಟರ್ ಎಂದರೆ ಒಂದು ಕಾರಿನ ಉದ್ದಕ್ಕಿಂತ ಹೆಚ್ಚು. ಘಾಟಿನ ತಿರುವಿನಾಚೆ ಕೆಟ್ಟು ನಿಂತ ಲಾರಿ ಇದ್ದಾಗ ಆ ಐದು ಮೀಟರ್ ಎಷ್ಟು ದೊಡ್ಡದು ಎಂಬುದು ಅವನಿಗೆ ಗೊತ್ತು.

ಗಾಳಿಯ ವಿಷಯದಲ್ಲೂ ಒಂದು ಅಭ್ಯಾಸ ಬಿಡಿಸಬೇಕಾಯಿತು. ಬಾಗಿಲ ಬಳಿಯ ಚೀಟಿ 32 ಪಿಎಸ್‌ಐ (ಗಾಳಿಯ ಒತ್ತಡದ ಮಾನ) ಎನ್ನುತ್ತಿದ್ದರೆ ಅವನು 40 ತುಂಬಿಸುತ್ತಿದ್ದ. ಘಾಟ್ ಇಳಿದು ಸಾಖಳಿಯಲ್ಲಿ ಅಳೆಸಿ, ಹೆಚ್ಚಾಗಿದೆ ಎಂದು ಬಿಡಿಸುತ್ತಿದ್ದ. ಟೈರ್ ಐದಾರು ಡಿಗ್ರಿ ಬಿಸಿಯಾದರೆ ಒತ್ತಡ ಒಂದು ಪಿಎಸ್‌ಐ ಏರುತ್ತದೆ. ಬ್ರೇಕು ಬಿಸಿಯಾಗಿ ರಿಮ್ಮೂ ಕಾದಿರುವಾಗ ಅಳೆದರೆ ಸರಿಯಾದ ಲೆಕ್ಕ ಸಿಗುವುದಿಲ್ಲ. ಬೆಳಿಗ್ಗೆ ಹೊರಡುವ ಮುಂಚೆ, ತಣ್ಣಗಿರುವಾಗ ನೋಡು ಎಂದು ಒಂದು ಗೇಜ್ ಕೊಟ್ಟು ಕಳಿಸಿದೆ.

ಎರಡನೆಯ ಸುತ್ತಿನ ಖರ್ಚು, ಮೇಲಿನ ಆವೃತ್ತಿಯ ಹಳೆಯ 15 ಅಂಗುಲದ ಚಕ್ರಗಳೂ ಸೇರಿ, 47,000 ರೂಪಾಯಿ. ಲೋವರ್ ಆರ್ಮ್ ಮತ್ತು ಶಾಕ್‌ಅಬ್ಸಾರ್ಬರಿನ ಕೂಲಿ ನಾನು ತೆಗೆದುಕೊಳ್ಳಲಿಲ್ಲ. 16 ಅಂಗುಲದ ಚಕ್ರಗಳು 28,000ಕ್ಕೆ ಹೋದವು. ಕೆಂಪು ಸ್ಪ್ರಿಂಗ್‌ಗಳನ್ನು ಮಾರಲು ನಾನು ಬಿಡಲಿಲ್ಲ. ಅಟ್ಟದ ಮೇಲಿವೆ.

ಈಗ

2024ರ ಜೂನ್ ಹೊತ್ತಿಗೆ ಹೊಸ ಟೈರುಗಳು 11,000 ಕಿಲೋಮೀಟರ್ ಓಡಿದ್ದವು. ಒಳಗೂ ಹೊರಗೂ ಸವೆತ ಒಂದೇ ಸಮ. ಐನೂರು ಕಿಲೋಮೀಟರಿಗೆ ಮತ್ತೆ ಕರೆದು ಅಲೈನ್‌ಮೆಂಟ್ ಮಾಡಿದ್ದೆ. ಮೊದಲ ಮಳೆಗೆ ಅದೇ ತಿರುವಿನಲ್ಲಿ ಅದೇ ವೇಗದಲ್ಲಿ ಹೋದೆ, ಏನೂ ಆಗಲಿಲ್ಲ ಎಂದು ಫೋನು ಮಾಡಿ ತಿಳಿಸಿದ. ಅದೇ ವೇಗದಲ್ಲಿ ಯಾಕೆ ಹೋದೆ ಎಂದು ಬೈದೆ. ತಾಯಿ ಈಗ ಹಿಂದಿನ ಸೀಟಿನಲ್ಲೇ ಬರುತ್ತಾರೆ, ಜಾಂಬೋಟಿ ದಾಟುವಷ್ಟರಲ್ಲಿ ನಿದ್ದೆ ಹೋಗುತ್ತಾರಂತೆ.

ಆದರೆ ಹೆದ್ದಾರಿಯಲ್ಲಿ ಆ ಮೊದಲ ವಾರದ ಚುರುಕು ಈಗ ಇಲ್ಲ ಎಂದು ಹುಡುಗ ಇವತ್ತಿಗೂ ಹೇಳುತ್ತಾನೆ. ಅದು ನಿಜ. ಬರೀ ವಂಟಮುರಿ ಕಡೆ ಓಡಿಸುವವನಾಗಿದ್ದರೆ, 40ರ ಬದಲು 15 ಅಥವಾ 20 ಮಿಲಿಮೀಟರ್ ತಗ್ಗಿಸುವ ಸ್ಪ್ರಿಂಗ್, ಅದಕ್ಕೆ ಹೊಂದುವ ಶಾಕ್‌ಅಬ್ಸಾರ್ಬರ್ ಎರಡೂ ಒಟ್ಟಿಗೆ ಇದ್ದಿದ್ದರೆ ಎಂಜಿನಿಯರಿಂಗ್ ಲೆಕ್ಕದಲ್ಲಿ ನನ್ನ ತಕರಾರು ಇಷ್ಟು ಇರುತ್ತಿರಲಿಲ್ಲ. ಕಾನೂನಿನ ತಕರಾರು ಆಗಲೂ ಉಳಿಯುತ್ತಿತ್ತು.

ನಮ್ಮ ಗ್ಯಾರೇಜಿನ ಕೆಲಸದ ಚೀಟಿಯಲ್ಲಿ ಈಗ ಎರಡು ಹೊಸ ಸಾಲುಗಳಿವೆ. ಟೈರಿನ ನಾಲ್ಕು ಅಂಕಿ, ಮತ್ತು ನಿಂತ ಕಾರಿನಲ್ಲಿ ಬಂಪ್ ಸ್ಟಾಪ್‌ವರೆಗಿನ ಅಂತರ. ಎರಡನ್ನೂ ತುಂಬದೆ ಸಹಾಯಕ ಪಾನಾ ಹಿಡಿಯುವಂತಿಲ್ಲ. ಸ್ಪ್ರಿಂಗ್ ಹೊತ್ತು ಬರುವವರಿಗೆ ಮೊದಲು ಬುಷ್ ಮತ್ತು ಟೈರ್ ತೋರಿಸುತ್ತೇವೆ. ಅದರಿಂದ ಆ ವರ್ಷ ಇಬ್ಬರು ಗಿರಾಕಿಗಳು ಮುನಿಸಿಕೊಂಡು ಬೇರೆ ಕಡೆ ಹೋದರು.

ಒಂದು ಎಳೆ ಇನ್ನೂ ಉಳಿದಿದೆ. ಚಳಿಯ ಬೆಳಗಿನಲ್ಲಿ ಸ್ಟೇರಿಂಗನ್ನು ಬಲಕ್ಕೆ ಪೂರ್ತಿ ತಿರುಗಿಸಿದರೆ ಮೆತ್ತಗೆ ಟಕ್ ಎನ್ನುತ್ತದೆ. ಮೌಂಟ್ ಹೊಸದು, ಬಾಲ್ ಜಾಯಿಂಟ್ ಹೊಸದು. ಬಂಪ್ ಸ್ಟಾಪ್ ಮೇಲೆ ಮೂರು ತಿಂಗಳು ಬಡಿಸಿಕೊಂಡದ್ದು ಸ್ಟೇರಿಂಗ್ ರ್‍ಯಾಕ್‌ಗೆ ತಗುಲಿರಬಹುದು ಎಂದು ನನ್ನ ಅನುಮಾನ, ಹುಡುಗನಿಗೆ ಇನ್ನೂ ಹೇಳಿಲ್ಲ. ಮುಂದಿನ ಶನಿವಾರ ಕಾರು ಬಿಟ್ಟುಹೋಗುತ್ತಾನೆ.